ಟಾವೋಸ್‌ಗೆ ಅಪ್ಪ ಅಮ್ಮನ ಜೊತೆ: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾವು ಡಲ್ಲಾಸ್‌ನಲ್ಲಿದ್ದೇವೆ. ಮೈಸೂರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಫೆಬ್ರವರಿಯಲ್ಲಿ ನಾಲ್ಕು ದಿನ ನ್ಯೂ ಮೆಕ್ಸಿಕೋದ ಟಾವೋಸ್‌ಗೆ ಹೋಗೋಣ ಅಂತಿದ್ದೇವೆ. ಮಗನಿಗೆ ಸ್ಕೀಯಿಂಗ್ ಕಲಿಯುವ ಆಸೆ, ಅಮ್ಮನಿಗೆ ಚಿತ್ರಗಳ ಹುಚ್ಚು.

ಅಮ್ಮ ಟಾವೋಸ್ ಪ್ವೆಬ್ಲೋದ (ಅಲ್ಲಿನ ಮೂಲನಿವಾಸಿಗಳ ಹಳೆಯ ಊರು) ಫೋಟೋ ನೋಡಿದಾಗಿನಿಂದ ಅದೇ ಮಾತು. ಮಣ್ಣಿಗೆ ಹುಲ್ಲು ಕಲಸಿ ಕಟ್ಟಿದ ಮನೆಗಳು, ಸಾವಿರ ವರ್ಷದ ಊರು, ಇವತ್ತಿಗೂ ಗೋಡೆಗೆ ಹೊಸ ಮಣ್ಣು ಮೆತ್ತುತ್ತಾರೆ. ಫೋನಿನಲ್ಲಿ ಆ ಗೋಡೆಯನ್ನು ಬೆರಳಿಂದ ದೊಡ್ಡದು ಮಾಡಿ, "ನೋಡೋ, ಹುಲ್ಲಿನ ಎಳೆ ಕಾಣ್ತಾ ಇದೆ, ನಮ್ಮಜ್ಜಿ ಮನೆ ಗೋಡೆನೂ ಹೀಗೇ ಇತ್ತು" ಅಂದರು. ಹಬ್ಬ, ಪೂಜೆ ಇದ್ದಾಗ ಹೊರಗಿನವರನ್ನು ಬಿಡುವುದಿಲ್ಲ ಅಲ್ವಾ, ಫೆಬ್ರವರಿಯಲ್ಲಿ ಹೋದವರು ಯಾರಾದರೂ ಇದ್ದೀರಾ?

ನಮಗೆ ದೊಡ್ಡ ಚಿಂತೆ ಅಪ್ಪನದು, ಎತ್ತರದ ತೆಳು ಗಾಳಿ ಅವರಿಗೆ ಒಗ್ಗುತ್ತದಾ ಅಂತ. ಅವರಿಗೆ 71 ವರ್ಷ, ಬಿಪಿ ಮಾತ್ರೆ ತಗೋತಾರೆ. ಟಾವೋಸ್ ಊರೇ ಸುಮಾರು 2,100 ಮೀಟರ್ ಎತ್ತರದಲ್ಲಿದೆ, ಸ್ಕೀಯಿಂಗ್ ನಡೆಯುವ ಸ್ಕೀ ವ್ಯಾಲಿಯ ಬುಡ ಸುಮಾರು 2,800. ಡಾಕ್ಟರನ್ನು ಕೇಳಿಯೇ ಹೊರಡುತ್ತೇವೆ, ಆದರೂ ವಯಸ್ಸಾದವರನ್ನು ಕರೆದುಕೊಂಡು ಹೋದವರ ಅನುಭವ ಬೇಕು. ಮೊದಲ ರಾತ್ರಿ ಇದಕ್ಕಿಂತ ತಗ್ಗಿನಲ್ಲಿರುವ ಅಲ್ಬುಕರ್ಕಿ ನಗರದಲ್ಲಿ ಉಳಿದರೆ ಒಳ್ಳೆಯದಾ?

ಹಾರ್‌ವುಡ್ ಕಲಾ ಮ್ಯೂಸಿಯಂ, ಚಿತ್ರಕಲಾವಿದೆ ಜಾರ್ಜಿಯಾ ಓಕೀಫ್ ಚಿತ್ರ ಬರೆದ ರಾಂಚೋಸ್‌ನ ಮಣ್ಣಿನ ಚರ್ಚು, ರಿಯೋ ಗ್ರಾಂಡೆ ಕಮರಿಯ ಸೇತುವೆ, ಇವು ಪಟ್ಟಿಯಲ್ಲಿವೆ. ನಾವು ಶುದ್ಧ ಸಸ್ಯಾಹಾರಿಗಳು. ಅಲ್ಲಿ ಬೀನ್ಸ್‌ಗೆ ಹಂದಿ ಕೊಬ್ಬು ಹಾಕುವುದುಂಟು, ಹಸಿ ಮೆಣಸಿನಕಾಯಿ ಸಾಸಿಗೆ ಮಾಂಸ ಸೇರಿಸುವುದೂ ಉಂಟು. ಧೈರ್ಯವಾಗಿ ತಿನ್ನಬಹುದಾದ ಜಾಗ ಗೊತ್ತಿದ್ದರೆ ಹೇಳಿ, ಇಲ್ಲದಿದ್ದರೆ ಅಡುಗೆಮನೆ ಇರುವ ರೂಮ್ ತಗೊಂಡು ಕುಕ್ಕರ್ ಒಯ್ಯುತ್ತೇವೆ. ರೂಮ್ ಈ ವಾರವೇ ಬುಕ್ ಮಾಡಬೇಕು, ದಯವಿಟ್ಟು ಬೇಗ ತಿಳಿಸಿ.