ಗ್ಲಾಕ್ 19ಕ್ಕೆ ನೈಟ್ ಸೈಟ್: ಮೂರು ಚುಕ್ಕೆಯದೋ, ಒಂದೇ ಚುಕ್ಕೆಯದೋ?

ಪ್ಲೇನೋದವ:

ಎಲ್ಲರಿಗೂ ನಮಸ್ಕಾರ. ನಾನು ಟೆಕ್ಸಸ್‌ನಲ್ಲಿ, ಡಲ್ಲಾಸ್ ಹತ್ತಿರ ಇದ್ದೇನೆ. ಗ್ರೀನ್ ಕಾರ್ಡ್ ಬಂದ ಮೇಲೆ ಹೋದ ವರ್ಷ ಒಂದು ಗ್ಲಾಕ್ 19 ಪಿಸ್ತೂಲು ತಗೊಂಡೆ. ತಿಂಗಳಿಗೆ ಎರಡು ಸಲ ಶೂಟಿಂಗ್ ರೇಂಜ್‌ಗೆ ಹೋಗುತ್ತೇನೆ. ಏಳು ಗಜದಲ್ಲಿ ಗುಂಡೆಲ್ಲ ಒಂದು ಊಟದ ತಟ್ಟೆಯೊಳಗೆ ಬೀಳುತ್ತವೆ, ಅಷ್ಟೇ ನನ್ನ ಶೂರತನ.

ಹೋದ ವಾರ ರೇಂಜ್‌ನಲ್ಲಿ ಲೋ-ಲೈಟ್ ಅಭ್ಯಾಸ ಅಂತ ದೀಪ ಕಮ್ಮಿ ಮಾಡಿದರು. ಗುರಿ ಹಿಡಿಯಲು ಗ್ಲಾಕ್ ಜೊತೆಗೇ ಬರುವ ಪ್ಲಾಸ್ಟಿಕ್ ಸೈಟ್ ಗೊತ್ತಲ್ಲ, ಮುಂದೆ ಒಂದು ಬಿಳಿ ಚುಕ್ಕೆ, ಹಿಂದೆ ಬಿಳಿ ಗೆರೆಯ ಯು. ದೀಪ ಇಳಿದದ್ದೇ ತಡ, ಎರಡೂ ಮಾಯ. ಎದುರಿನ ಕಾಗದದ ಗುರಿ ಮಸುಕಾಗಿಯಾದರೂ ಕಾಣುತ್ತಿತ್ತು, ಕೈಯಲ್ಲಿದ್ದ ಪಿಸ್ತೂಲಿನ ಮೇಲೆ ಮಾತ್ರ ಏನೂ ಇಲ್ಲ. ಅಂದಾಜಿನ ಮೇಲೆ ಹೊಡೆದೆ. ತಟ್ಟೆ ಹೋಗಿ ಜಮಖಾನೆ ಆಯಿತು.

ಅದಕ್ಕೇ ಕತ್ತಲಲ್ಲಿ ತಾನೇ ಹೊಳೆಯುವ ಟ್ರಿಟಿಯಂ ನೈಟ್ ಸೈಟ್ ಹಾಕಿಸೋಣ ಅಂತಿದ್ದೇನೆ. ಮೆಪ್ರೋಲೈಟ್‌ದು ಮೂರು ಹಸಿರು ಚುಕ್ಕೆ, ಟ್ರಿಜಿಕಾನ್ ಎಚ್‌ಡಿಯಲ್ಲಿ ಮುಂದಿನ ಚುಕ್ಕೆ ಸುತ್ತ ಕಿತ್ತಳೆ ಉಂಗುರ, ಎಕ್ಸ್‌ಎಸ್‌ದು ಗೋಲಿ ಗಾತ್ರದ ದೊಡ್ಡ ಚುಕ್ಕೆ. ನೋಡಿ ನೋಡಿ ತಲೆ ಕೆಟ್ಟಿದೆ. ಇದರ ಮಧ್ಯೆ ಹೆಂಡತಿಗೆ ಅದು ರೇಡಿಯೋಆಕ್ಟಿವ್ ಅಂತ ಯಾರೋ ಹೇಳಿದ್ದಾರೆ. ಮನೆಯೊಳಗೇ ತರಬೇಡಿ ಅಂತಾಳೆ. ಅನುಭವ ಇರುವವರು ಹೇಳಿ.

ಬನಶಂಕರಿ_6ನೇ_ಹಂತ:

ಶೀರ್ಷಿಕೆಯಲ್ಲಿ ಸೈಟ್ ಅಂತ ನೋಡಿ 30x40 ಇರಬೇಕು ಅಂತ ಓಡಿ ಬಂದೆ. ಕ್ಷಮಿಸಿ, ಮುಂದುವರಿಸಿ.

ಮಿಷಿಗನ್_ಮಾವ:

ಮೊದಲು ಮನೆಯವರ ಪ್ರಶ್ನೆ. ಟ್ರಿಟಿಯಂ ಅಂದರೆ ಹೈಡ್ರೋಜನ್‌ನದೇ ಒಂದು ರೂಪ, ವಿಕಿರಣ ಸೂಸುವುದು ನಿಜ. ಅದನ್ನು ಅನಿಲವಾಗಿ ಒಂದು ಸಣ್ಣ ಗಾಜಿನ ನಳಿಕೆಯಲ್ಲಿ ತುಂಬಿ ಮುಚ್ಚಿರುತ್ತಾರೆ. ನಳಿಕೆಯ ಒಳಗೋಡೆಗೆ ಫಾಸ್ಫರ್ ಅನ್ನುವ ಹೊಳೆಯುವ ವಸ್ತು ಬಳಿದಿರುತ್ತದೆ, ಟ್ರಿಟಿಯಂನಿಂದ ಹೊರಡುವ ಬೀಟಾ ಕಣ ಅದಕ್ಕೆ ಬಡಿದಾಗ ಬೆಳಕು. ಆ ಕಣ ಎಷ್ಟು ದುರ್ಬಲ ಅಂದರೆ ಗಾಜು ದಾಟಿ ಹೊರಗೆ ಬರುವುದಿಲ್ಲ, ಚರ್ಮವನ್ನೂ ದಾಟುವುದಿಲ್ಲ. ಬೇಡವಾದಾಗ ನಳಿಕೆ ಒಡೆಯಬೇಡಿ, ಕಸಕ್ಕೂ ಎಸೆಯಬೇಡಿ, ತಯಾರಿಸಿದ ಕಂಪನಿಗೇ ವಾಪಸ್ ಕಳಿಸಿ.

ಬ್ಯಾಟರಿ ಇಲ್ಲ, ಟಾರ್ಚ್ ಹಿಡಿದು ಚಾರ್ಜ್ ಮಾಡುವುದೂ ಇಲ್ಲ. ಆದರೆ ಆಯಸ್ಸಿದೆ. ಅರ್ಧಾಯು 12.3 ವರ್ಷ. ಅಂದರೆ ಅಷ್ಟು ವರ್ಷಕ್ಕೆ ಬೆಳಕು ಅರ್ಧಕ್ಕಿಂತ ಕಮ್ಮಿಯೇ ಅಂದುಕೊಳ್ಳಿ, 25 ವರ್ಷಕ್ಕೆ ಕಾಲು ಭಾಗವೂ ಉಳಿಯುವುದಿಲ್ಲ. ಅಗ್ಗಕ್ಕೆ ಸಿಗುತ್ತೆ ಅಂತ ಯಾರೋ ಬಿಚ್ಚಿಟ್ಟ ಹಳೇ ಸೈಟ್ ತಗೋಬೇಡಿ. ಬಣ್ಣದಲ್ಲಿ ಹಸಿರೇ ಇರಲಿ. ನಮ್ಮ ಕಣ್ಣಿಗೆ ಹಸಿರು ಜಾಸ್ತಿ ಹೊಳೆದ ಹಾಗೆ ಕಾಣುತ್ತದೆ. ಕಿತ್ತಳೆ, ಹಳದಿ ನಳಿಕೆಗಳು ಹೊಸದರಲ್ಲೇ ಮಂದ. (ಟ್ರಿಜಿಕಾನ್‌ನ ಕಿತ್ತಳೆ ಉಂಗುರ ಬೇರೆ ಮಾತು. ಅದು ಬಣ್ಣ ಅಷ್ಟೇ. ನಡುವಿನ ನಳಿಕೆ ಹಸಿರೇ.)

ಈಗ ಮೂರು ಚುಕ್ಕೆ. ನಾನು ಆರು ವರ್ಷ ಅದನ್ನೇ ಇಟ್ಟುಕೊಂಡಿದ್ದೆ. ಒಂದೇ ಬಣ್ಣದ, ಒಂದೇ ಗಾತ್ರದ ಮೂರು ಚುಕ್ಕೆ ಇದ್ದರೆ ಕತ್ತಲಲ್ಲಿ ಒಂದು ತಮಾಷೆ ಆಗುತ್ತದೆ. ಸುತ್ತ ಲೋಹ ಕಾಣುವುದಿಲ್ಲ, ಚುಕ್ಕೆ ಮಾತ್ರ ತೇಲುತ್ತಿರುತ್ತವೆ. ಮುಂದಿನದು ಯಾವುದು, ಹಿಂದಿನದು ಯಾವುದು? ಅವಸರದಲ್ಲಿ ಮುಂದಿನ ಚುಕ್ಕೆ ನಡುವೆ ಬರದೆ ಹಿಂದಿನ ಎರಡರ ಎಡಕ್ಕೆ ಹೋಗಿ ಕೂತಿರುತ್ತದೆ. ಸಾಲಾಗಿ ಮೂರು ಕಂಡವಲ್ಲ, ಸರಿಯಿದೆ ಅನ್ನುತ್ತದೆ ಮನಸ್ಸು. ಪಿಸ್ತೂಲಿನ ನಳಿಗೆ ಎತ್ತಲೋ ನೋಡುತ್ತಿರುತ್ತದೆ. ನನಗೆ ಇದು ಕ್ಲಾಸ್‌ನಲ್ಲೇ ಆಯಿತು, ಪುಣ್ಯಕ್ಕೆ ಎದುರಿಗಿದ್ದದ್ದು ಕಾಗದ.

ಹಾಗಾಗಿ ನನ್ನ ಓಟು ಮುಂದೆ ಜೋರು, ಹಿಂದೆ ಕಪ್ಪು. ಮುಂದಿನದರಲ್ಲಿ ಟ್ರಿಟಿಯಂ, ಸುತ್ತ ದಪ್ಪ ಕಿತ್ತಳೆ ಇಲ್ಲವೇ ನಿಂಬೆ ಹಳದಿ ಬಣ್ಣ. ಹಿಂದಿನದು ಬರೀ ಕಪ್ಪು, ಹೆಚ್ಚೆಂದರೆ ಮಂದವಾದ ಚುಕ್ಕೆ. ಅಮೆರಿಗ್ಲೋದವರಲ್ಲಿ ಹಿಂದೆ ಪೂರ್ತಿ ಕಪ್ಪಿರುವ ಜೋಡಿ ಸಿಗುತ್ತದೆ. ಎಚ್‌ಡಿ ಕೂಡ ಒಳ್ಳೆಯದೇ, ಹಿಂದೆ ನಳಿಕೆ ಇದ್ದರೂ ಬಿಳಿ ಉಂಗುರ ಇಲ್ಲ. ಎಚ್‌ಡಿಯ ಮುಂದಿನ ಸೈಟ್ 0.144 ಇಂಚು ಅಗಲ. ದೂರಕ್ಕೆ ಹೊಡೆಯುವಾಗ ಗುರಿಯನ್ನೇ ಮುಚ್ಚುತ್ತದೆ ಅನ್ನಿಸಿದರೆ ಅದೇ ಕಂಪನಿಯ ಎಕ್ಸ್‌ಆರ್ ನೋಡಿ, 0.122 ಇಂಚು. ಎಕ್ಸ್‌ಎಸ್ ದೊಡ್ಡ ಚುಕ್ಕೆ ಹತ್ತಿರಕ್ಕೆ ವೇಗ. 25 ಗಜಕ್ಕೆ ನನ್ನ ಕೈಲಂತೂ ಆಗಲಿಲ್ಲ.

ರಾತ್ರಿಪಾಳಿ:

ಮಾವ ಹೇಳಿದ್ದೆಲ್ಲ ಸರಿ. ಆದರೆ ದುಡ್ಡನ್ನು ಮೊದಲು ಸೈಟ್‌ಗೆ ಹಾಕಬೇಡಿ, ಟಾರ್ಚ್‌ಗೆ ಹಾಕಿ.

ನನ್ನ ಕಥೆ ಕೇಳಿ. ಅಪ್ಪ ಹಾಸನದಿಂದ ಬಂದಿದ್ದರು, ಬಂದು ಎರಡನೇ ರಾತ್ರಿ. ಮೂರು ಗಂಟೆಗೆ ಅಡುಗೆಮನೆ ಕಡೆ ಏನೋ ಸದ್ದು. ನಿದ್ದೆಗಣ್ಣು. ಅಪ್ಪ ಬಂದಿದ್ದಾರೆ ಅನ್ನುವುದೇ ಆ ಹೊತ್ತಿಗೆ ತಲೆಯಲ್ಲಿ ಇಲ್ಲ. ಲಾಕರ್ ತೆಗೆದು ಪಿಸ್ತೂಲು ಹಿಡಿದು ಹಜಾರದ ತನಕ ಬಂದೆ. ನೆಲದ ಕಡೆಗೇ ಹಿಡಿದಿದ್ದೆ, ಬೆರಳು ಟ್ರಿಗರ್ ಮೇಲೆ ಇರಲಿಲ್ಲ. ಕೆಳಗೆ ನೋಡಿದರೆ ಹೊಸ ಸೈಟ್‌ನ ಮೂರು ಹಸಿರು ಚುಕ್ಕೆ ದೀಪಾವಳಿ ಹಣತೆ ಹಾಗೆ ಉರಿಯುತ್ತಿವೆ. ಆಚೆ ಒಂದು ಕಪ್ಪು ಆಕೃತಿ, ಕೈಯಲ್ಲಿ ಏನೋ ಇದೆ. ಯಾರು ಅಂತ ಗೊತ್ತಾಗಲು ಆ ಹಣತೆಗಳಿಂದ ಒಂದು ಕೂದಲೆಳೆಯಷ್ಟೂ ಉಪಯೋಗ ಇಲ್ಲ. ಅಷ್ಟರಲ್ಲಿ ಆಕೃತಿ ಮಾತಾಡಿತು. “ಸಕ್ಕರೆ ಡಬ್ಬ ಎಲ್ಲಿಟ್ಟಿದ್ದೀರೋ ಮಾರಾಯ?”

ಜೆಟ್‌ಲ್ಯಾಗ್. ನಿದ್ದೆ ಬಂದಿಲ್ಲ, ನಮ್ಮನ್ನು ಎಬ್ಬಿಸುವುದು ಬೇಡ ಅಂತ ಕತ್ತಲಲ್ಲೇ ಕಾಫಿ ಮಾಡಲು ಹೊರಟಿದ್ದರು, ಸ್ವಿಚ್ ಎಲ್ಲಿದೆ ಅಂತ ಗೊತ್ತಿಲ್ಲ. ಕೈಯಲ್ಲಿದ್ದದ್ದು ಚಮಚ. ನಾನು ಪಿಸ್ತೂಲು ವಾಪಸ್ ಇಟ್ಟು ಬಂದು ಅಲ್ಲೇ ನೆಲದ ಮೇಲೆ ಕೂತೆ. ಅಪ್ಪನಿಗೆ ಇವತ್ತಿಗೂ ಹೇಳಿಲ್ಲ.

ನೈಟ್ ಸೈಟ್ ತೋರಿಸುವುದು ನಿಮ್ಮ ಪಿಸ್ತೂಲನ್ನು. ಎದುರಿಗೆ ಯಾರಿದ್ದಾರೆ ಅಂತ ಅಲ್ಲ. ಪೂರ್ತಿ ಕತ್ತಲಲ್ಲಿ ಎದುರಿನದು ಕಾಣದಿದ್ದರೆ ಹೊಡೆಯುವ ಮಾತೇ ಇಲ್ಲ, ಹೊಡೆಯುವುದಿಲ್ಲ ಅಂದಮೇಲೆ ಸೈಟ್ ಹೊಳೆದು ಏನಾಗಬೇಕು? ಅದು ಕೆಲಸಕ್ಕೆ ಬರುವುದು ನಡುವಿನ ಹೊತ್ತಲ್ಲಿ. ನೀವು ಕತ್ತಲಲ್ಲಿ, ಎದುರಿನವನು ವರಾಂಡದ ದೀಪದ ಕೆಳಗೆ, ಅಂಥ ಕಡೆ.

ಈಗ ನನ್ನ ಹತ್ತಿರ ಪಿಸ್ತೂಲಿಗೆ ಕಟ್ಟಿದ ಸ್ಟ್ರೀಮ್‌ಲೈಟ್ ಕಂಪನಿಯ ದೀಪ ಒಂದು, ಹಾಸಿಗೆ ಪಕ್ಕ ಕೈಟಾರ್ಚ್ ಒಂದು. ಎರಡೂ ಯಾಕೆ ಅಂದರೆ, ಪಿಸ್ತೂಲಿನ ದೀಪ ತಿರುಗಿದ ಕಡೆ ನಳಿಗೆಯೂ ತಿರುಗುತ್ತದೆ. ಯಾರು ಅಂತ ನೋಡಲು ಅದನ್ನು ಮನೆಮಂದಿ ಮುಖಕ್ಕೆ ಹಿಡಿಯುವುದಾ? ಹುಡುಕಲು ಕೈಟಾರ್ಚ್. ಛಾವಣಿಗೆ ಹಿಡಿದರೆ ಸಾಕು, ಬಿಳಿ ಗೋಡೆಯ ಮನೆಯಲ್ಲಿ ಕೋಣೆಯೆಲ್ಲ ಬೆಳಗುತ್ತದೆ. ಇನ್ನೊಂದು, ದೀಪ ಹತ್ತಿದ ಮೇಲೆ ಟ್ರಿಟಿಯಂ ಲೆಕ್ಕಕ್ಕೇ ಇಲ್ಲ. ಬೆಳಗಿದ ಗೋಡೆ ಮೇಲೆ ಕಪ್ಪು ಸೈಟ್ ನೆರಳಿನ ಹಾಗೆ ಸ್ಪಷ್ಟವಾಗಿ ಮೂಡುತ್ತದೆ.

ಮಡಿಕೇರಿ_ಮಂಜು:

ನಮ್ಮಜ್ಜನ ನೆನಪಾಯಿತು. ಕೊಡಗಿನಲ್ಲಿ ನಮ್ಮ ಮನೆಯಲ್ಲಿ ಒಂಟಿ ನಳಿಗೆಯ ತೋಟಾ ಕೋವಿ ಇತ್ತು. ಗದ್ದೆಗೆ ಹಂದಿ ಬಂದರೆ ಬೆದರಿಸಲು ರಾತ್ರಿ ಗುಡಿಸಲಲ್ಲಿ ಕಾವಲು ಕೂರುತ್ತಿದ್ದರು. ಕೂರುವ ಮೊದಲು ಎಲೆ ಅಡಿಕೆ ಹಾಕಿಕೊಂಡು, ಬೆರಳಲ್ಲಿ ಉಳಿದ ಸುಣ್ಣವನ್ನು ಕೋವಿಯ ತುದಿಯಲ್ಲಿರುವ ಮಣಿಗೆ ಒರೆಸುತ್ತಿದ್ದರು. ನಾನು ಕೈ ಒರೆಸಿಕೊಳ್ಳುತ್ತಾರೆ ಅಂದುಕೊಂಡಿದ್ದೆ! ತಿಂಗಳ ಬೆಳಕಲ್ಲಿ ಆ ಮಣಿ ಒಂದೇ ಬೆಳ್ಳಗೆ ಕಾಣುತ್ತಿತ್ತು, ಮಿಕ್ಕಿದ್ದೆಲ್ಲ ಕಪ್ಪು. ಮಾವ ಹೇಳುವ ಮುಂದೆ ಜೋರು, ಹಿಂದೆ ಕಪ್ಪು ಅದೇ ಅಲ್ವಾ. ಅಮಾವಾಸ್ಯೆಗೆ ಸುಣ್ಣವೂ ಇಲ್ಲ, ಗುರಿಯೂ ಇಲ್ಲ, ಡಬ್ಬ ಬಡಿಯುವುದು ಅಷ್ಟೇ.

ಅಂದಹಾಗೆ ವಯಸ್ಸೆಷ್ಟು ನಿಮಗೆ? 40 ದಾಟಿದ್ದರೆ ಸೈಟ್ ಕಾಣದೇ ಇರುವುದಕ್ಕೆ ಕತ್ತಲೊಂದೇ ಕಾರಣ ಅಲ್ಲದೆಯೂ ಇರಬಹುದು. ಕೈ ಅಳತೆಯ ವಸ್ತು ಮಸುಕಾಗುತ್ತೆ. ಕಣ್ಣು ತೋರಿಸಿ ಬನ್ನಿ.

ಎಚ್1ಬಿ_ಹುಡುಗ:

ನಾನಿನ್ನೂ ಎಚ್1ಬಿ. ನಾನೂ ತಗೋಬಹುದಾ?

ಮಿಷಿಗನ್_ಮಾವ:

ಸುಮ್ನೆ ಅಂಗಡಿಗೆ ಹೋಗಿ ತಗೊಳ್ಳುವ ಹಾಗಿಲ್ಲ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಎಚ್1ಬಿಯಂಥ ನಾನ್-ಇಮಿಗ್ರೆಂಟ್ ವೀಸಾದವರು ಬಂದೂಕು ಇಟ್ಟುಕೊಳ್ಳುವುದೇ ಅಪರಾಧ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇರುವಂಥ ಕೆಲವು ವಿನಾಯಿತಿ ಇವೆ. ಯಾರೋ ಆನ್‌ಲೈನಲ್ಲಿ ಹೇಳಿದರು ಅಂತ ಹೋಗಬೇಡ, ವಕೀಲರನ್ನು ಕೇಳು. ವೀಸಾಕ್ಕೇ ಕುತ್ತು ಬರುವ ವಿಷಯ.

ಬೇ_ಏರಿಯಾ_ಬೋರೇಗೌಡ:

ಇಷ್ಟೆಲ್ಲ ಯಾಕೆ, ಗಾಜಿನಲ್ಲಿ ಕೆಂಪು ಚುಕ್ಕೆ ತೋರಿಸುವ ರೆಡ್ ಡಾಟ್ ಹಾಕಿಸಿ ಮುಗಿಸಿ. ಒಂದೇ ಚುಕ್ಕೆ, ಗುರಿ ಮೇಲೆ ಕಣ್ಣಿಟ್ಟರೆ ಆಯಿತು. ನಿಮ್ಮದು ಎಂಒಎಸ್ (ರೆಡ್ ಡಾಟ್ ಕೂರಿಸಲು ಕಂಪನಿಯೇ ಜಾಗ ಕೊರೆದು ಕೊಡುವ ಮಾದರಿ) ಅಲ್ಲದಿದ್ದರೆ ಸ್ಲೈಡ್, ಅಂದರೆ ಪಿಸ್ತೂಲಿನ ಜಾರುವ ಮೇಲ್ಭಾಗ, ಕೊರೆಸಬೇಕು, ಅದೊಂದು ಖರ್ಚು. ಕತ್ತಲಲ್ಲಿ ಹೊಳಪು ಇಳಿಸುವುದು ಮರೆತರೆ ಚುಕ್ಕೆ ಹರಡಿ ಟೊಮೇಟೊ ಆಗುತ್ತದೆ, ಹಿಂದೆ ಏನೂ ಕಾಣಲ್ಲ. ಅಸ್ಟಿಗ್ಮಾಟಿಸಂ ಅನ್ನುವ ದೃಷ್ಟಿದೋಷ ಇದ್ದರೆ ಕೊಳ್ಳುವ ಮುಂಚೆ ಒಮ್ಮೆ ಕಣ್ಣಿಟ್ಟು ನೋಡಿ, ನನ್ನ ತಮ್ಮನಿಗೆ ಅದು ಚುಕ್ಕೆಯಲ್ಲ, ಒಡೆದ ನಕ್ಷತ್ರ.

ಪ್ಲೇನೋದವ:

ಎಲ್ಲರಿಗೂ ಥ್ಯಾಂಕ್ಸ್. ರಾತ್ರಿಪಾಳಿಯವರ ಕಥೆ ಹೆಂಡತಿಗೆ ಓದಿ ಹೇಳಿದೆ. ಅವಳು ಏನೂ ಮಾತಾಡಲಿಲ್ಲ, ಹೋಗಿ ಹಜಾರಕ್ಕೂ ಅಡುಗೆಮನೆಗೂ ಎರಡು ಪ್ಲಗ್‌ನ ರಾತ್ರಿದೀಪ ಆರ್ಡರ್ ಮಾಡಿದಳು. ಎರಡೂ ಸೇರಿ 12 ಡಾಲರ್. ಮುಂದಿನ ತಿಂಗಳು ಅವಳ ಅಮ್ಮ ಬರುತ್ತಾರೆ.

ನಿನ್ನೆ ರಾತ್ರಿ ನಾನೂ ಒಂದು ಪರೀಕ್ಷೆ ಮಾಡಿದೆ. ಪಿಸ್ತೂಲು ಲಾಕರ್‌ನಲ್ಲೇ ಬಿಟ್ಟು, ಬರೀ ಕೈಯಲ್ಲಿ, ದೀಪ ಆರಿಸಿ ಹಜಾರದಲ್ಲಿ ನಿಂತೆ. ಬಾಗಿಲ ಹಿಂದೆ ನೇತುಹಾಕಿದ್ದ ನನ್ನದೇ ಜಾಕೆಟ್ ಯಾವುದು, ಮನುಷ್ಯ ಯಾವುದು ಅಂತ ಹೇಳಲು ಆಗಲಿಲ್ಲ. ಹಾಗಾಗಿ ಈ ತಿಂಗಳು ಕೈಟಾರ್ಚ್. ಮುಂದಿನ ತಿಂಗಳು ಮುಂದೆ ಕಿತ್ತಳೆ, ಹಿಂದೆ ಕಪ್ಪು. 42 ಆಯಿತು, ಕಣ್ಣನ್ನೂ ತೋರಿಸುತ್ತೇನೆ ಮಂಜು ಅವರೇ.

ಕೊನೇ ಪ್ರಶ್ನೆ. ಸೈಟ್ ಮನೆಯಲ್ಲೇ ಹಾಕಿಕೊಳ್ಳಬಹುದಾ?

ಮಿಷಿಗನ್_ಮಾವ:

ಮುಂದಿನದು ಸುಲಭ. ಮೊದಲು ಪಿಸ್ತೂಲು ಖಾಲಿ ಮಾಡಿ, ಗುಂಡು ಕೂರುವ ಚೇಂಬರ್ ಎರಡು ಸಲ ನೋಡಿ, ಗುಂಡು ಬೇರೆ ಕೋಣೆಯಲ್ಲಿಟ್ಟು ಸ್ಲೈಡ್ ಬಿಚ್ಚಿಕೊಳ್ಳಿ. ಒಳಗಿನಿಂದ ಒಂದು ಸಣ್ಣ ಸ್ಕ್ರೂ ಇದೆ, 3/16 ಇಂಚಿನ ತೆಳು ನಟ್ ಡ್ರೈವರ್ ಬೇಕು. ಸ್ಕ್ರೂ ಸಡಿಲವಾಗದ ಹಾಗೆ ನೀಲಿ ಲಾಕ್‌ಟೈಟ್ ಅಂಟು ಒಂದು ಹನಿ, ಒಂದು ದಿನ ಒಣಗಲು ಬಿಡಿ. ಲಾಕ್‌ಟೈಟ್ ಹಾಕದೆ ಹೋಗಿ ನನ್ನದು ರೇಂಜ್‌ನಲ್ಲೇ ಹಾರಿಹೋಗಿತ್ತು, ಇವತ್ತಿಗೂ ಸಿಕ್ಕಿಲ್ಲ. ಹಿಂದಿನದು ಬಿಗಿಯಾಗಿ ತುರುಕಿರುತ್ತದೆ, ಅದನ್ನು ತಳ್ಳಲು ಸೈಟ್ ಪುಷರ್ ಅನ್ನುವ ಸಾಧನ ಬೇಕು. ಸುತ್ತಿಗೆ ಹಿಡಿಯಬೇಡಿ. ಒಂದೇ ಪಿಸ್ತೂಲಿಗೆ ಪುಷರ್ ಕೊಳ್ಳುವ ಬದಲು ಬಂದೂಕು ರಿಪೇರಿ ಮಾಡುವ ಗನ್‌ಸ್ಮಿತ್ ಹತ್ತಿರ ಹೋಗಿ, ಹತ್ತು ನಿಮಿಷದ ಕೆಲಸ. ಆಮೇಲೆ ಹಗಲು ಬೆಳಕಲ್ಲಿ ಹೊಡೆದು ನೋಡಿ, ಎಡ ಬಲ ಸರಿಯಿದೆಯಾ ಅಂತ.

ಬನಶಂಕರಿ_6ನೇ_ಹಂತ:

ಹತ್ತು ನಿಮಿಷದಲ್ಲಿ ಸೈಟ್ ಕೆಲಸ ಮುಗಿಯುತ್ತಾ! ನನ್ನದಕ್ಕೆ ಖಾತೆ ಆಗಲು ಮೂರು ವರ್ಷ ಆಯಿತು.