ರಿಲೀಸ್ ಮಾಡಿದೆ, ಡಿಒಐ ಬಂತು, ಹೊಸ ಲೇಖಕರ ಹೆಸರು ಮಾತ್ರ ಇಲ್ಲ (ಮೂರನೇ ಸಲ!)

ಅರೆಬರೆಕೋಡ್ | ಸೋಮವಾರ 10:40
ತಲೆ ಕೆಟ್ಟುಹೋಗಿದೆ. ನಮ್ಮ ಸಾಫ್ಟ್‌ವೇರ್ ಪ್ಯಾಕೇಜ್‌ಗೆ ಇಬ್ಬರು ಹೊಸ ಲೇಖಕರು ಸೇರಿದ್ದಾರೆ. ಸೈಟೇಶನ್.ಸಿಎಫ್‌ಎಫ್ ಫೈಲ್‌ನಲ್ಲಿ (ಪ್ಯಾಕೇಜನ್ನು ಹೇಗೆ ಉಲ್ಲೇಖಿಸಬೇಕು ಅಂತ ಹೇಳುವ ಫೈಲ್) ಐದೂ ಹೆಸರು ಹಾಕಿದ್ದೇನೆ. ಕೋಡ್ ಇಟ್ಟಿರುವ ಗಿಟ್‌ಹಬ್‌ನಲ್ಲಿ ‘ಸೈಟ್ ದಿಸ್ ರೆಪಾಸಿಟರಿ’ ಬಟನ್ ಒತ್ತಿದರೆ ಐದೂ ಜನ ಕಾಣಿಸುತ್ತಾರೆ. ರಿಲೀಸ್ ಮಾಡಿದ ಮೇಲೆ ಝೆನೊಡೊ (ಪ್ರತಿ ರಿಲೀಸನ್ನೂ ಸಂಗ್ರಹಿಸಿಟ್ಟು ಡಿಒಐ, ಅಂದರೆ ಶಾಶ್ವತ ಗುರುತಿನ ಸಂಖ್ಯೆ, ಕೊಡುವ ತಾಣ) ದಾಖಲೆ ನೋಡಿದರೆ ಹಳೆಯ ಮೂರೇ ಹೆಸರು. ಆವೃತ್ತಿ 2.1 ಮಾಡಿದೆ, 2.1.1 ಮಾಡಿದೆ, ಇವತ್ತು 2.1.2. ಮೂರು ಡಿಒಐ ಬಂದವು, ಮೂರರಲ್ಲೂ ಅದೇ ಕಥೆ. ಶುಕ್ರವಾರ ಪ್ರಬಂಧ ಕಳಿಸಬೇಕು. ನಮ್ಮ ಕಡೆ ಎಲ್ಲ ಸರಿಯಾಗೇ ಇದೆ. ಯಾರಿಗಾದರೂ ಹೀಗಾಗಿದೆಯಾ?

ಮೆಟಾಮೇಷ್ಟ್ರು | 10:52
ಇದು ಆರ್ಕಿಡ್ (ಸಂಶೋಧಕರ ಗುರುತಿನ ಸಂಖ್ಯೆ) ಸಮಸ್ಯೆ. ಹೊಸಬರ ಆರ್ಕಿಡ್‌ನ ಕೊನೆಯ ಅಕ್ಷರ ನೋಡಿ. ಅದು ಸುಮ್ನೆ ಇರುವ ಅಂಕಿ ಅಲ್ಲ, ಅದಕ್ಕೂ ಮೊದಲಿರುವ 15 ಅಂಕಿಗಳಿಂದ ಲೆಕ್ಕ ಹಾಕಿ ತೆಗೆದದ್ದು. ಲೆಕ್ಕ 10 ಬಂದರೆ ಅಲ್ಲಿ ‘ಎಕ್ಸ್’ ಬರುತ್ತದೆ. ಕೆಲವರು ಅದನ್ನು ಸಣ್ಣ ಎಕ್ಸ್ ಮಾಡಿಬಿಡುತ್ತಾರೆ. ಸಿಎಫ್‌ಎಫ್ ದೊಡ್ಡದನ್ನು ಮಾತ್ರ ಒಪ್ಪುತ್ತದೆ. ನನ್ನ ಒಂದು ವಾರ ಇದರಲ್ಲೇ ಹೋಗಿತ್ತು.

ಅರೆಬರೆಕೋಡ್ | 10:58
ಒಬ್ಬರದು 4, ಇನ್ನೊಬ್ಬರದು 9. ಎಕ್ಸ್ ಇಲ್ಲ.

ಮೆಟಾಮೇಷ್ಟ್ರು | 11:03
ಹಾಗಾದರೆ ಬರೀ 16 ಅಂಕಿ ಹಾಕಿರುತ್ತೀರಿ. ಸಿಎಫ್‌ಎಫ್‌ಗೆ ಎಚ್‌ಟಿಟಿಪಿಎಸ್‌ನಿಂದ ಶುರುವಾಗುವ ಇಡೀ ಆರ್ಕಿಡ್ ವಿಳಾಸ ಬೇಕು.

ಅರೆಬರೆಕೋಡ್ | 11:10
ಇಡೀ ವಿಳಾಸವೇ ಇದೆ ಸರ್. ಫೈಲ್ ಪರೀಕ್ಷಿಸುವ ಸಿಎಫ್‌ಎಫ್‌ಕನ್ವರ್ಟ್ ಕೂಡ ಓಡಿಸಿದೆ. ಫೈಲ್ ಸರಿ ಇದೆ ಅನ್ನುತ್ತದೆ.

ಮೆಟಾಮೇಷ್ಟ್ರು | 11:12
ಆದರೂ ಆರ್ಕಿಡ್ ಸಾಲುಗಳನ್ನು ತೆಗೆದು ಇನ್ನೊಂದು ರಿಲೀಸ್ ಮಾಡಿ ನೋಡಿ. ನನಗೆ ಅನುಮಾನವೇ ಇಲ್ಲ.

ಕಮಿಟ್‌ಕೋಳಿ | 11:15
ದಯವಿಟ್ಟು ಮಾಡಬೇಡಿ! ನಾಲ್ಕನೇ ಡಿಒಐ ಹುಟ್ಟುತ್ತದೆ. ಒಮ್ಮೆ ಪ್ರಕಟವಾದ ಡಿಒಐ ಅಳಿಸಲು ಆಗುವುದಿಲ್ಲ. ಪ್ರಯೋಗ ಮಾಡಲೇಬೇಕು ಅಂದರೆ ಝೆನೊಡೊ ಸ್ಯಾಂಡ್‌ಬಾಕ್ಸ್ ಇದೆ, ಅಲ್ಲಿ ಸಿಗುವುದು ಪರೀಕ್ಷೆಯ ಡಿಒಐ. ಅಂದಹಾಗೆ ನೀವು ರಿಲೀಸ್ ಮಾಡಿದಿರೋ, ಬರೀ ಟ್ಯಾಗ್ (ಆವೃತ್ತಿಗೆ ಹಚ್ಚುವ ಗುರುತು) ಪುಶ್ ಮಾಡಿದಿರೋ? ಟ್ಯಾಗ್ ಒಂದೇ ಹಾಕಿದರೆ ಝೆನೊಡೊ ಎತ್ತಿಕೊಳ್ಳುವುದಿಲ್ಲ.

ಅರೆಬರೆಕೋಡ್ | 11:17
ಮೂರು ಡಿಒಐ ಬಂದಿವೆ ಅಂತ ಮೇಲೆ ಬರೆದಿದ್ದೇನಲ್ಲ ಸ್ವಾಮಿ.

ಹಾಳೆಹುಳು | 11:30
ಡಿಒಐ ನೋಂದಾಯಿಸುವ ಕ್ರಾಸ್‌ರೆಫ್‌ಗೆ ಒಂದು ಮೇಲ್ ಹಾಕಿ. ಅವರ ಕಡೆ ಹಳೆಯ ಮಾಹಿತಿ ಉಳಿದಿರಬೇಕು.

ಕಮಿಟ್‌ಕೋಳಿ | 11:34
ಝೆನೊಡೊ ಡಿಒಐಗೂ ಕ್ರಾಸ್‌ರೆಫ್‌ಗೂ ಸಂಬಂಧ ಇಲ್ಲ. 10.5281 ಅಂತ ಶುರುವಾಗುವುದೆಲ್ಲ ಡೇಟಾಸೈಟ್ ಅನ್ನುವ ಬೇರೆ ಸಂಸ್ಥೆಯಲ್ಲಿ ನೋಂದಣಿ ಆಗಿರುತ್ತದೆ.

ಹಾಳೆಹುಳು | 11:36
ಡಿಒಐ ಅಂದರೆ ಡಿಒಐ ಅಲ್ವಾ? ಎಲ್ಲಾ ಒಂದೇ ವಿಳಾಸದಿಂದ ತೆರೆಯುತ್ತದೆ.

ಕಮಿಟ್‌ಕೋಳಿ | 11:45
ಬಾಗಿಲು ಒಂದೇ, ಕಡತ ಬೇರೆ ಬೇರೆ. ಕ್ರಾಸ್‌ರೆಫ್ 2000ದಲ್ಲಿ ಪ್ರಕಾಶಕರು ಕಟ್ಟಿಕೊಂಡದ್ದು. ಡೇಟಾಸೈಟ್ 2009ರದು, ಡೇಟಾಗೆ ಅಂತಲೇ ಹುಟ್ಟಿದ್ದು. ಇವರ ಡಿಒಐಯನ್ನು ಕ್ರಾಸ್‌ರೆಫ್ ಎಪಿಐನಲ್ಲಿ (ಅವರ ಕಡತ ಹುಡುಕುವ ದಾರಿ) ಕೇಳಿ, 404, ಅಂದರೆ ‘ಸಿಗಲಿಲ್ಲ’ ಅಂತ ಬರುತ್ತದೆ.

ಹಾಳೆಹುಳು | 11:49
ಇವರು ಡಿಒಐ ಕೊಟ್ಟೇ ಇಲ್ಲ, ಬೇರೆ ಯಾವುದೋ ಝೆನೊಡೊ ಡಿಒಐ ಹಾಕಿ ನೋಡಿದೆ. 404. ಒಪ್ಪಿದೆ. ಆದರೆ ಅದಕ್ಕೂ ಇವರ ಸಮಸ್ಯೆಗೂ ಏನು ಸಂಬಂಧ?

ಕಮಿಟ್‌ಕೋಳಿ | 11:50
ಮಾತು ತೆಗೆದದ್ದು ನೀವು ಕಣ್ರೀ!

ಏಕಮೂಲ | 12:20
ಈ ತಲೆನೋವೇ ಬೇಡ ಅಂತ ನಾನು ಎಲ್ಲ ವಿವರಕ್ಕೂ ಒಂದೇ ಯಾಮಲ್ ಫೈಲ್ ಇಟ್ಟುಕೊಂಡಿದ್ದೇನೆ. ಪ್ರತಿ ಕಮಿಟ್‌ಗೂ (ಕೋಡ್ ಬದಲಾವಣೆ ಉಳಿಸಿದಾಗಲೆಲ್ಲ) ಅದರಿಂದ ಸಿಎಫ್‌ಎಫ್, ಕೋಡ್‌ಮೆಟಾ, ರೀಡ್‌ಮಿ ಎಲ್ಲ ತಾನಾಗೇ ತಯಾರಾಗುತ್ತವೆ. ರಿಲೀಸ್ ಆದ ಕೂಡಲೇ ಕೋಡ್ ಭಂಡಾರವಾದ ಸಾಫ್ಟ್‌ವೇರ್ ಹೆರಿಟೇಜ್‌ಗೂ ಕೋರಿಕೆ ಹೋಗುತ್ತದೆ. ಅವರ ಗುರುತಿನ ಸಂಖ್ಯೆ ಕೋಡ್‌ನ ಹ್ಯಾಶ್‌ನಿಂದಲೇ (ಕೋಡ್‌ನಿಂದಲೇ ಲೆಕ್ಕ ಹಾಕಿ ತೆಗೆದ ಗುರುತು) ಬರುತ್ತದೆ, ಯಾರೂ ಹಂಚಬೇಕಿಲ್ಲ. 2025ರಲ್ಲಿ ಅದು ಐಎಸ್‌ಒ ಮಾನಕವೂ ಆಯಿತು, 18670. ಬೇಕಾದರೆ ನನ್ನ ಇಡೀ ಪೈಪ್‌ಲೈನ್ ಹಾಕುತ್ತೇನೆ, ಸುಮಾರು 400 ಸಾಲು.

ಹಾಳೆಹುಳು | 12:24
ನಿಮ್ಮ ಪ್ಯಾಕೇಜ್ ಎಷ್ಟು ಜನ ಬಳಸುತ್ತಾರೆ?

ಏಕಮೂಲ | 12:31
ಸದ್ಯಕ್ಕೆ ನಾನು.

ಬೆರಳಚ್ಚು | 14:05
ಅರೆಬರೆಕೋಡ್ ಅವರೇ, ಒಂದು ಪ್ರಶ್ನೆ. ಆ ಹಳೆಯ ಮೂವರೂ ಕೋಡ್ ಬರೆದವರಾ? ರೆಪೊದಲ್ಲಿ (ನಿಮ್ಮ ಕೋಡ್ ಇರುವ ರೆಪಾಸಿಟರಿ) ಯಾವ ಮಾಹಿತಿ ಫೈಲೂ ಸಿಗದಿದ್ದರೆ ಝೆನೊಡೊ ಗಿಟ್‌ಹಬ್‌ನ ಕಾಂಟ್ರಿಬ್ಯೂಟರ್ ಪಟ್ಟಿಯಿಂದಲೇ ಹೆಸರು ತೆಗೆದುಕೊಳ್ಳುತ್ತದೆ. ಅದಕ್ಕೆ ಕೇಳಿದೆ.

ಅರೆಬರೆಕೋಡ್ | 14:20
ಇಲ್ಲ. ಒಬ್ಬರು ನಮ್ಮ ಗೈಡ್. ಒಂದು ಕಮಿಟ್ ಕೂಡ ಮಾಡಿಲ್ಲ. ಅವರಿಗೆ ಗಿಟ್‌ಹಬ್ ಖಾತೆಯೇ ಇಲ್ಲ.

ಬೆರಳಚ್ಚು | 14:26
ಹಾಗಾದರೆ ಅವರ ಹೆಸರು ಪಟ್ಟಿಯಿಂದ ಬಂದಿಲ್ಲ. ಯಾರೋ ಕೈಯಾರೆ ಬರೆದಿದ್ದಾರೆ, ನೀವು ತಿದ್ದಿದ ಫೈಲ್‌ನಲ್ಲಿ ಅಲ್ಲ, ಇನ್ನೆಲ್ಲೋ. ರೆಪೊದ ಎಲ್ಲಕ್ಕಿಂತ ಮೇಲಿನ ಫೋಲ್ಡರ್‌ನಲ್ಲಿ ಚುಕ್ಕೆಯಿಂದ ಶುರುವಾಗುವ ಫೈಲ್‌ಗಳು ಯಾವುವು ಇವೆ? ಬರೀ ‘ಎಲ್‌ಎಸ್’ ಹೊಡೆದರೆ ಅವು ಕಾಣುವುದಿಲ್ಲ, ಜೊತೆಗೆ ‘ಮೈನಸ್ ಎ’ ಹಾಕಿ.

ಅರೆಬರೆಕೋಡ್ | 14:41
ಗಿಟ್‌ಇಗ್ನೋರ್ ಇದೆ. ಇನ್ನೊಂದು .ಝೆನೊಡೊ.ಜೇಸನ್ ಅಂತ ಇದೆ. ಅದು ಮೊದಲಿಂದಲೂ ಇದೆ, ಗಿಟ್‌ಹಬ್ ಪುಟದಲ್ಲಿ ದಿನಾ ನೋಡುತ್ತಿದ್ದೆ. ಏನೋ ಸೆಟ್ಟಿಂಗ್ ಇರಬೇಕು ಅಂತ ಬಿಟ್ಟಿದ್ದೆ. ನನಗಿಂತ ಮುಂಚೆ ಇದ್ದವರು ಹಾಕಿದ್ದು. ತೆರೆದೆ. ಮೂರು ಹೆಸರೂ ಅಲ್ಲೇ ಇವೆ. 😐

ಕಮಿಟ್‌ಕೋಳಿ | 14:43
ಇದನ್ನು ಬೆಳಿಗ್ಗೆ 10:40ಕ್ಕೇ ಹೇಳಬಾರದಿತ್ತಾ...

ಬೆರಳಚ್ಚು | 14:58
ಅದೇ ಕಾರಣ. ಎರಡೂ ಫೈಲ್ ಇದ್ದರೆ ಝೆನೊಡೊ ಜೇಸನ್ ಮಾತ್ರ ಓದುತ್ತದೆ. ಎರಡನ್ನೂ ಸೇರಿಸಿ ನೋಡುವುದಿಲ್ಲ, ಸಿಎಫ್‌ಎಫ್ ಕಡೆ ತಿರುಗುವುದೂ ಇಲ್ಲ. ಗಿಟ್‌ಹಬ್‌ನ ಆ ಬಟನ್ ಓದುವುದು ಸಿಎಫ್‌ಎಫ್, ಈ ಜೇಸನ್ ಅಲ್ಲ. ಹಾಗಾಗಿ ಅಲ್ಲಿ ಐದು, ಇಲ್ಲಿ ಮೂರು. ಎರಡೂ ತಮ್ಮ ತಮ್ಮ ಕೆಲಸ ಸರಿಯಾಗೇ ಮಾಡಿವೆ.

ಜೇಸನ್ ಅಳಿಸಿದರೆ ಮುಂದಿನ ಸಲ ಸಿಎಫ್‌ಎಫ್‌ನಿಂದ ಹೆಸರು ಬರುತ್ತವೆ. ಆದರೆ ಅಳಿಸುವ ಮುಂಚೆ ಒಳಗೆ ಇನ್ನೇನಿದೆ ನೋಡಿ. ಅನುದಾನದ ಸಂಖ್ಯೆ, ಝೆನೊಡೊ ಕಮ್ಯುನಿಟಿ ಹೆಸರು ಇಂಥವು ಇದ್ದರೆ ಫೈಲ್ ಇಟ್ಟುಕೊಂಡು ಹೆಸರು ಸೇರಿಸುವುದೇ ವಾಸಿ. ಸೇರಿಸುವಾಗ ಸಿಎಫ್‌ಎಫ್‌ನಿಂದ ಹಾಗೇ ಕಾಪಿ ಮಾಡಬೇಡಿ. ಜೇಸನ್‌ನಲ್ಲಿ ಆರ್ಕಿಡ್ ವಿಳಾಸ ಬೇಡ, ಅಡ್ಡಗೆರೆ ಇರುವ ಸಂಖ್ಯೆ ಮಾತ್ರ. ಕೊನೆಯ ಹೆಸರಿನ ನಂತರ ಕಾಮಾ ಉಳಿಸಿದರೆ ಇಡೀ ಫೈಲ್ ಕೆಡುತ್ತದೆ.

ಮೆಟಾಮೇಷ್ಟ್ರು | 15:02
ಆರ್ಕಿಡ್ ಅಂತ ನಾನು ಮೊದಲೇ ಹೇಳಿದ್ದೆ.

ಹಾಳೆಹುಳು | 15:03
ಮೇಷ್ಟ್ರೇ...

ಅರೆಬರೆಕೋಡ್ | 15:20
ತುಂಬಾ ಧನ್ಯವಾದ ಬೆರಳಚ್ಚು. ಜೇಸನ್ ತಿದ್ದಿದೆ, ಒಳಗೆ ಅನುದಾನದ ಸಂಖ್ಯೆ ಇತ್ತು. 2.1.3 ಬಿಡಲಾ?

ಬೆರಳಚ್ಚು | 15:24
ಬರೀ ಹೆಸರಿಗೋಸ್ಕರ ಬೇಡ. ಪ್ರಕಟವಾದ ದಾಖಲೆಯ ವಿವರಗಳನ್ನು ಝೆನೊಡೊದಲ್ಲೇ ತಿದ್ದಬಹುದು. ‘ಎಡಿಟ್’ ಒತ್ತಿ, ಇಬ್ಬರನ್ನು ಸೇರಿಸಿ, ಮತ್ತೆ ಪಬ್ಲಿಶ್ ಮಾಡಿ. ಡಿಒಐ ಅದೇ ಉಳಿಯುತ್ತದೆ.

ಅರೆಬರೆಕೋಡ್ | 15:31
ಎಡಿಟ್ ಬಟನ್ ಎಲ್ಲಿದೆ? ನನಗೆ ಕಾಣುತ್ತಿಲ್ಲ.

ಕಮಿಟ್‌ಕೋಳಿ | 15:33
ಲಾಗಿನ್ ಆಗಿದ್ದೀರಾ?

ಅರೆಬರೆಕೋಡ್ | 15:40
ಆಗಿದ್ದೇನೆ, ನನ್ನ ಖಾತೆಯಲ್ಲಿ. ರೆಪೊವನ್ನು ಝೆನೊಡೊಗೆ ಜೋಡಿಸಿದ್ದು ಮಾತ್ರ ಆ ಹಿಂದಿನವರು. ಅದೂ ಮುಖ್ಯನಾ?

ಬೆರಳಚ್ಚು | 15:44
ಅದೇ ಮುಖ್ಯ. ಯಾರು ಜೋಡಿಸಿದರೋ ದಾಖಲೆಗಳು ಅವರ ಖಾತೆಗೆ ಸೇರುತ್ತವೆ. ಅವರು ಆ ದಾಖಲೆಯಲ್ಲಿ ‘ಶೇರ್’ ಒತ್ತಿ ನಿಮಗೆ ತಿದ್ದುವ ಹಕ್ಕು ಕೊಡಬೇಕು. ಇಲ್ಲವೇ ಅವರೇ ತಿದ್ದಬೇಕು.

ಏಕಮೂಲ | 15:50
ಅದಕ್ಕೇ ನಾನು ತಂಡದ ಹೆಸರಿನಲ್ಲಿ ಬೇರೆ ಖಾತೆ...

ಹಾಳೆಹುಳು | 15:51
ತಂಡ ಅಂದರೆ ನೀವೊಬ್ಬರೇ ತಾನೇ?

ಅರೆಬರೆಕೋಡ್ | 16:10
ಅವರಿಗೆ ಮೇಲ್ ಹಾಕಿದ್ದೇನೆ. ಈ ಮಧ್ಯೆ ಪ್ರಬಂಧದಲ್ಲಿ ಯಾವ ಡಿಒಐ ಕೊಡಲಿ? ಎಲ್ಲ ಆವೃತ್ತಿಗೂ ಸೇರಿ ಒಂದು ಇದೆಯಲ್ಲ, ಅದಾ?

ಕಮಿಟ್‌ಕೋಳಿ | 16:14
ಬೇಡ. ಅದು ಯಾವಾಗಲೂ ಹೊಸ ಆವೃತ್ತಿಗೆ ಹೋಗಿ ನಿಲ್ಲುತ್ತದೆ. ಫಲಿತಾಂಶ ಯಾವ ಆವೃತ್ತಿಯಿಂದ ಬಂತೋ ಅದರದ್ದೇ ಕೊಡಿ.

ಮೆಟಾಮೇಷ್ಟ್ರು | 16:16
ನಾನು ಒಪ್ಪುವುದಿಲ್ಲ. ಎಲ್ಲರೂ ಒಂದೊಂದು ಆವೃತ್ತಿ ಹೆಸರಿಸಿದರೆ ಉಲ್ಲೇಖಗಳ ಎಣಿಕೆ ಚೂರುಚೂರಾಗುತ್ತದೆ. ಇದಕ್ಕೆ ಬೇರೆ ಚರ್ಚೆ ತೆರೆಯುತ್ತೇನೆ.

ಅರೆಬರೆಕೋಡ್ | ಮಂಗಳವಾರ 09:05
ಹಿಂದಿನವರಿಂದ ಉತ್ತರ ಬಂತು. ತಾನಾಗೇ ಹೋಗುವ ಮೇಲ್. ಸೋಮವಾರದವರೆಗೆ ರಜೆಯಂತೆ.