ಬೈಪಾಸ್‌ನಲ್ಲಿ ಓಡ್ತಿದ್ದ ಕಾರು ಪೂರ್ತಿ ಆಫ್ ಆಯ್ತು, ಸರ್ವಿಸ್‌ನವರು "ಏನೂ ತೊಂದರೆ ಸಿಕ್ಕಿಲ್ಲ" ಅಂತಾರೆ

ನವನಗರದವ:
ನಮಸ್ಕಾರ. ನನ್ನದು ಎರಡು ವರ್ಷದ ಪೆಟ್ರೋಲ್ ಕಾರು, ಆಟೋಮ್ಯಾಟಿಕ್. ಇನ್ನೂ ವಾರಂಟಿಯಲ್ಲಿದೆ. ಕಳೆದ ವಾರ ಹಾವೇರಿಯಿಂದ ಧಾರವಾಡಕ್ಕೆ ಹೊರಟಿದ್ದೆ. ಗಬ್ಬೂರು ದಾಟಿ ಹುಬ್ಬಳ್ಳಿ-ಧಾರವಾಡ ಬೈಪಾಸ್ ಹಿಡಿದು ಸ್ವಲ್ಪ ದೂರ ಹೋಗಿದ್ದೆ ಅಷ್ಟೇ. ಮಧ್ಯದ ಸ್ಕ್ರೀನ್ ಒಮ್ಮೆ ಕಪ್ಪಾಗಿ ಮತ್ತೆ ಬಂತು. ಆಮೇಲೆ ಮೀಟರ್‌ನಲ್ಲಿ ಎಬಿಎಸ್, ಸ್ಟೇರಿಂಗ್, ಏರ್‌ಬ್ಯಾಗ್, ಇರೋ ಬರೋ ದೀಪ ಎಲ್ಲಾ ಹತ್ತಿದವು. ಮರುಕ್ಷಣ ಪೂರ್ತಿ ಕತ್ತಲೆ. ಇಂಜಿನ್ ನಿಂತಿತು, ಸ್ಟೇರಿಂಗ್ ಬಿಗಿಯಾಯಿತು. ಹಜಾರ್ಡ್ ಲೈಟೂ ಹತ್ತಲಿಲ್ಲ. ಹಿಂದೆ ಲೋಡ್ ಲಾರಿ, ಒಳಗೆ ಹೆಂಡತಿ, ಮಗಳು. ಹೇಗೋ ಎಡಕ್ಕೆ ತಂದು ನಿಲ್ಲಿಸಿದೆ. ಹತ್ತು ನಿಮಿಷ ಬಿಟ್ಟು ಬಟನ್ ಒತ್ತಿದರೆ ಏನೂ ಆಗೇ ಇಲ್ಲ ಅನ್ನೋ ಥರ ಸ್ಟಾರ್ಟ್ ಆಯ್ತು!

ಸರ್ವಿಸ್ ಸೆಂಟರ್‌ನಲ್ಲಿ ಬಿಟ್ಟೆ. ಮೂರನೇ ದಿನ ಕರೆದು "ಸ್ಕ್ಯಾನ್ ಮಾಡಿದ್ವಿ ಸರ್, ಏನೂ ಸಿಕ್ಕಿಲ್ಲ, ತಗೊಂಡು ಹೋಗಿ" ಅಂದರು. ಈಗ ಮನೆಯವರು ಆ ಕಾರಿನಲ್ಲಿ ಕೂರೋಕೆ ಒಪ್ತಿಲ್ಲ. ನನಗೂ ಧೈರ್ಯ ಇಲ್ಲ. ಮುಂದೇನು ಮಾಡಬೇಕು?

ಗದಗ ರೋಡ್ ಡ್ರೈವರ್:
ಮಾರಿಬಿಡ್ರಿ ಅಣ್ಣಾರೆ. ಇಪ್ಪತ್ತು ವರ್ಷದಿಂದ ಟ್ಯಾಕ್ಸಿ ಓಡಿಸ್ತಿದ್ದೇನೆ. ಹಳೆ ಡೀಸೆಲ್ ಗಾಡಿಯಲ್ಲಿ ಪಂಪು ಇಂಜಿನ್‌ನ ತಿರುಗುವಿಕೆಯಿಂದಲೇ ನಡೀತಿತ್ತು. ಒಮ್ಮೆ ಸ್ಟಾರ್ಟ್ ಆದರೆ ಡೈನಮೋ ಕೈಕೊಟ್ಟರೂ ಅಣ್ಣಿಗೇರಿಯಿಂದ ಹುಬ್ಬಳ್ಳಿ ಮುಟ್ಟಿಸುತ್ತಿತ್ತು. ಈಗಿನದಕ್ಕೆ ಇಂಜೆಕ್ಟರ್, ಪೆಟ್ರೋಲ್ ಪಂಪ್, ಥ್ರಾಟಲ್, ಸ್ಟೇರಿಂಗ್, ಎಲ್ಲಕ್ಕೂ ಕರೆಂಟೇ ಬೇಕು. ಕರೆಂಟ್ ಹೋಯ್ತು ಅಂದರೆ ಎಲ್ಲಾ ಹೋಯ್ತು.

ಗೋಕುಲ ರೋಡ್ ವೈರಿಂಗ್:
ಮಾರೋ ಮಾತು ಆಮೇಲೆ. ನವನಗರದವರೇ, ಒಂದು ವಿಷಯ ಸರಿಯಾಗಿ ನೆನಪು ಮಾಡಿಕೊಳ್ಳಿ. ಬ್ಯಾಟರಿ ಚಿತ್ರದ ಕೆಂಪು ದೀಪ ಅದಕ್ಕೂ ಮುಂಚೆ ಹತ್ತಿತ್ತಾ? ಹೆಡ್‌ಲೈಟ್ ಮಂಕಾಗಿತ್ತಾ?

ಯಾಕೆ ಕೇಳ್ತಿದ್ದೇನೆ ಅಂದರೆ, ಆಲ್ಟರ್ನೇಟರ್ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡೋ ಡೈನಮೋ) ಕೆಟ್ಟರೆ ಕಾರು ಹೀಗೆ ಒಮ್ಮೆಲೇ ಸಾಯೋದು ಕಡಿಮೆ. ಮೊದಲು ಕೆಂಪು ದೀಪ ಬರುತ್ತದೆ. ಬ್ಯಾಟರಿಯಲ್ಲಿ ಉಳಿದಿರೋ ಚಾರ್ಜ್‌ನಲ್ಲಿ ಕಾರು ಓಡ್ತಾ ಇರುತ್ತದೆ, ವೋಲ್ಟೇಜ್ ಇಳೀತಾ ಹೋಗುತ್ತದೆ, ಒಂದೊಂದೇ ವ್ಯವಸ್ಥೆ ಕೈಬಿಡುತ್ತದೆ, ಕೊನೆಗೆ ಇಂಜಿನ್. ನಿಂತ ಮೇಲೆ ಹತ್ತು ನಿಮಿಷಕ್ಕೆ ಆರಾಮಾಗಿ ಸ್ಟಾರ್ಟ್ ಆಗೋದಂತೂ ಇಲ್ಲ. ಒಮ್ಮೆಲೇ ಎಲ್ಲಾ ಹೋಗಿ, ತಾನಾಗಿಯೇ ವಾಪಸ್ ಬಂತು ಅಂದರೆ ಎಲ್ಲೋ ಕನೆಕ್ಷನ್ ಬಿಟ್ಟು ಬಿಟ್ಟು ಹಿಡೀತಿದೆ. ಬ್ಯಾಟರಿ ಟರ್ಮಿನಲ್, ಅರ್ಥ್ ವೈರ್, ಮುಖ್ಯ ಫ್ಯೂಸಿನ ಬೋಲ್ಟ್, ಬ್ಯಾಟರಿಯ ಒಳಗಿನ ಜೋಡಣೆ, ಇಷ್ಟರಲ್ಲಿ ಒಂದು ಅಂತ ನನ್ನ ಅನುಮಾನ.

ನವನಗರದವ:
ಕೆಂಪು ದೀಪ ಮೊದಲು ಬರಲಿಲ್ಲ ಸರ್. ಎಲ್ಲಾ ಒಟ್ಟಿಗೇ ಬಂತು. ಎಸಿ ಜೋರಾಗಿತ್ತು, ವೈಪರ್ ಹಾಕಿದ್ದೆ, ಮಳೆ ಸಣ್ಣಗೆ ಶುರುವಾಗಿತ್ತು.

ಗೋಕುಲ ರೋಡ್ ವೈರಿಂಗ್:
ಹಂಗಾದರೆ ಅರ್ಥ್ ನೋಡಲೇಬೇಕು. ಬ್ಯಾಟರಿ ನೆಗೆಟಿವ್‌ನಿಂದ ಒಂದು ದಪ್ಪ ವೈರು ಬಾಡಿಗೆ, ಇನ್ನೊಂದು ಇಂಜಿನ್‌ಗೆ ಹೋಗುತ್ತದೆ. ಬಾಡಿಗೆ ಕೂರಿಸಿದ ಜಾಗದಲ್ಲಿ ಬೋಲ್ಟ್ ಕೆಳಗೆ ಪೇಂಟ್ ಉಳಿದಿದ್ದರೂ ಸಾಕು, ತುಕ್ಕು ಹಿಡಿದಿದ್ದರೂ ಸಾಕು. ಸುಮ್ನೆ ನಿಂತಾಗ ಎಲ್ಲಾ ಸರಿ ಕಾಣುತ್ತದೆ. ಬಾನೆಟ್ ಎತ್ತಿ ಕೈಯಿಂದ ಅಲ್ಲಾಡಿಸಿದರೂ ಗಟ್ಟಿ ಇರುತ್ತದೆ. ಎಸಿ, ಬ್ಲೋವರ್, ವೈಪರ್, ಹೆಡ್‌ಲೈಟ್ ಒಟ್ಟಿಗೆ ಕರೆಂಟ್ ಎಳೆದಾಗ, ರಸ್ತೆ ಕುಲುಕಿದಾಗ ಮಾತ್ರ ಕೈಕೊಡುತ್ತದೆ. ನಮ್ಮ ಕಡೆ ಎರೆ ಮಣ್ಣಿನ ರಾಡಿ ಬೇರೆ ಅಡಿಯಲ್ಲಿ ಮೆತ್ತಿಕೊಂಡು ದಿನಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುತ್ತದೆ.

ಇದನ್ನು ಹಿಡಿಯೋಕೆ ದೊಡ್ಡ ಮಷೀನ್ ಬೇಡ. ಇಂಜಿನ್ ಚಾಲೂ ಇಟ್ಟು, ಎಲ್ಲಾ ಲೋಡ್ ಹಾಕಿ, ಮಲ್ಟಿಮೀಟರ್‌ನ ಒಂದು ಮೊನೆ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಇಂಜಿನ್ನಿನ ಬರೀ ಲೋಹಕ್ಕೆ. ಆಮೇಲೆ ಅದೇ ಥರ ಬಾಡಿಗೆ. 0.2 ವೋಲ್ಟ್ ಒಳಗಿದ್ದರೆ ಚಿಂತೆ ಇಲ್ಲ. ಅರ್ಧ ವೋಲ್ಟ್, ಒಂದು ವೋಲ್ಟ್ ತೋರಿಸಿದರೆ ಆ ದಾರಿಯಲ್ಲೇ ದೋಷ ಇದೆ. ವೈರು, ಬೋಲ್ಟ್ ಕುಲುಕಿಸ್ತಾ ನೋಡಬೇಕು, ಇಲ್ಲಾಂದ್ರೆ ಸಿಗಲ್ಲ.

ಉಣಕಲ್ಲಿನವ:
ಬ್ಯಾಟರಿ ವೋಲ್ಟೇಜ್ ಒಂದೇ ನೋಡಿದರೆ ಸಾಲದಾ? ಇಂಜಿನ್ ಚಾಲೂ ಇದ್ದಾಗ 14 ಇರಬೇಕು ಅಂತ ಕೇಳಿದ್ದೇನೆ. ನನ್ನ ಕಾರಲ್ಲಿ ಒಮ್ಮೊಮ್ಮೆ 12.7 ತೋರಿಸುತ್ತದೆ. ಆಲ್ಟರ್ನೇಟರ್ ಹೋಗಿದೆ ಅಂತ ಒಬ್ಬರು ಬದಲಿಸೋಕೆ ಹೇಳಿದ್ದಾರೆ.

ಗೋಕುಲ ರೋಡ್ ವೈರಿಂಗ್:
ಬದಲಿಸಬೇಡಿ! ಹಳೆ ಕಾರಿಗೆ 13.8ರಿಂದ 14.5ರ ಲೆಕ್ಕ ಸರಿ. ಈಗಿನ ಎಷ್ಟೋ ಕಾರುಗಳಲ್ಲಿ ಆಲ್ಟರ್ನೇಟರನ್ನು ಕಂಪ್ಯೂಟರ್ ನಡೆಸುತ್ತದೆ. ಬ್ಯಾಟರಿ ತುಂಬಿದ್ದರೆ ಪೆಟ್ರೋಲ್ ಉಳಿಸೋಕೆ ಚಾರ್ಜಿಂಗ್ ಇಳಿಸುತ್ತದೆ, ಬ್ರೇಕ್ ಹಾಕಿದಾಗ ಏರಿಸುತ್ತದೆ. ಒಂದೇ ರೀಡಿಂಗ್ ನೋಡಿ ಆಲ್ಟರ್ನೇಟರ್ ತೆಗೆಸಬಾರದು. ನೆಗೆಟಿವ್ ಟರ್ಮಿನಲ್ ಮೇಲೆ ಬೆಂಕಿಪೊಟ್ಟಣದಷ್ಟು ಒಂದು ಸೆನ್ಸರ್ ಕೂತಿರುತ್ತದೆ, ನೋಡಿ. ಬ್ಯಾಟರಿಗೆ ಎಷ್ಟು ಕರೆಂಟ್ ಹೋಯ್ತು, ಎಷ್ಟು ಬಂತು ಅಂತ ಲೆಕ್ಕ ಇಡೋದು ಅದೇ. ಬೇರೆ ಗಾಡಿಯ ಬ್ಯಾಟರಿಯಿಂದ ಜಂಪ್ ಸ್ಟಾರ್ಟ್ ಮಾಡುವಾಗ ನೆಗೆಟಿವ್ ಕ್ಲಿಪ್ಪನ್ನು ಅದರ ಮೇಲೆ ಹಾಕಬೇಡಿ, ಇಂಜಿನ್ ಅಥವಾ ಬಾಡಿಯ ಲೋಹಕ್ಕೆ ಹಾಕಿ.

ಕೇಶ್ವಾಪುರದ ಅಕ್ಕ:
ಎಲ್ಲರೂ ದೋಷ ಎಲ್ಲಿ ಅಂತಲೇ ಮಾತಾಡ್ತಿದ್ದೀರಿ. ನಾನು ದಿನಾ ಧಾರವಾಡಕ್ಕೆ ಕಾಲೇಜಿಗೆ ಕಾರಿನಲ್ಲಿ ಹೋಗೋಳು. ಆ ಹೊತ್ತಿನಲ್ಲಿ ಏನು ಮಾಡಬೇಕು ಅಂತ ಯಾರೂ ಕಲಿಸಲ್ಲ, ಲೈಸೆನ್ಸ್ ಕೊಡುವಾಗಲೂ ಇಲ್ಲ, ಕಾರು ಮಾರುವಾಗಲೂ ಇಲ್ಲ. ಅದಕ್ಕೇ ಬರೀತಿದ್ದೇನೆ.

ಸ್ಟೇರಿಂಗ್ ಬಿಗಿ ಆಗುತ್ತದೆ, ಆದರೆ ಕೆಲಸ ಮಾಡುತ್ತದೆ. ಕರೆಂಟ್ ಕೊಡ್ತಿದ್ದ ಸಹಾಯ ಮಾತ್ರ ಹೋಗಿರುತ್ತದೆ. ಎರಡೂ ಕೈಯಿಂದ ಬಲವಾಗಿ ತಿರುಗಿಸಿ. ಬ್ರೇಕ್ ಕೂಡ ಇರುತ್ತದೆ. ಇಂಜಿನ್ ನಿಂತ ಮೇಲೂ ಪೆಡಲ್‌ಗೆ ಬಲ ಸೇರಿಸೋ ಬೂಸ್ಟರ್‌ನಲ್ಲಿ ಒಂದೆರಡು ಸಲಕ್ಕೆ ಆಗುವಷ್ಟು ಶಕ್ತಿ ಉಳಿದಿರುತ್ತದೆ. ಅದಕ್ಕೇ ಪೆಡಲ್ಲನ್ನು ಮತ್ತೆ ಮತ್ತೆ ಒತ್ತಿ ಬಿಡಬಾರದು. ಒಮ್ಮೆ ಒತ್ತಿ ಹಿಡಿದುಕೊಂಡೇ ನಿಲ್ಲಿಸಬೇಕು. ಅದೂ ಮುಗಿದರೆ ಪೆಡಲ್ ಗಟ್ಟಿಯಾಗುತ್ತದೆ, ಆಗ ಕಾಲಿನ ಪೂರ್ತಿ ಬಲ ಹಾಕಿದರೆ ನಿಲ್ಲುತ್ತದೆ. ಕೀ ಇರೋ ಕಾರಾದರೆ ಗಾಬರಿಯಲ್ಲಿ ಕೀ ಹೊರಗೆ ಎಳೆಯಬೇಡಿ, ಸ್ಟೇರಿಂಗ್ ಲಾಕ್ ಆಗಬಹುದು.

ನಿಂತ ಮೇಲೆ ಇನ್ನೊಂದು. ಬಟನ್ ಹ್ಯಾಂಡ್‌ಬ್ರೇಕ್ ಇದ್ದರೆ ಬ್ಯಾಟರಿ ಸತ್ತಾಗ ಅದು ಹಿಡಿಯದೇ ಇರಬಹುದು. ಚಕ್ರಕ್ಕೆ ಕಲ್ಲು ಕೊಡಿ. ಹಿಂದೆ ಮಕ್ಕಳಿದ್ದರೆ ಚೈಲ್ಡ್ ಲಾಕ್ ಇರುತ್ತದೆ, ಒಳಗಿನಿಂದ ತೆಗೆಯೋಕೆ ಬರಲ್ಲ. ನೀವೇ ಇಳಿದು ಎಡಗಡೆಯ ಬಾಗಿಲು ತೆಗೆದು ಇಳಿಸಿ. ಯಾರನ್ನೂ ಕಾರಲ್ಲಿ ಕೂರಿಸಬೇಡಿ. ಆ ಬೈಪಾಸ್‌ನಲ್ಲಿ ಏನೇನು ಆಗಿದೆ ಅಂತ ನಮಗೆಲ್ಲಾ ಗೊತ್ತಲ್ವಾ, 2021ರ ಜನವರಿಯಲ್ಲಿ ಇಟಿಗಟ್ಟಿ ಹತ್ತಿರ ದಾವಣಗೆರೆಯ ಹೆಣ್ಣುಮಕ್ಕಳು ಅಪಘಾತದಲ್ಲಿ ತೀರಿಹೋದದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ತ್ರಿಕೋನ ಸಾಕಷ್ಟು ಹಿಂದೆ ಇಡಿ, ಹೆದ್ದಾರಿಯವರ 1033ಕ್ಕೆ ಫೋನ್ ಮಾಡಿ. ಅಪಾಯ ಅನ್ನಿಸಿದರೆ 112.

ಗದಗ ರೋಡ್ ಡ್ರೈವರ್:
ಅಕ್ಕಾರೆ, ನೀವು ಹೇಳಿದ್ದು ಖರೆ. ಎಲ್ಲಾ ಡ್ರೈವರ್‌ಗಳಿಗೂ ಕಳಿಸ್ತೇನೆ. ಆದರೂ ನನ್ನ ಮಾತು ಅದೇ. ಇಷ್ಟೆಲ್ಲಾ ಕಂಪ್ಯೂಟರ್ ತುಂಬಿದ್ದರಿಂದಲೇ ಈ ಗತಿ.

ಸಪ್ತಾಪುರದ ಇವಿ:
ಒಪ್ಪಲ್ಲ ಅಣ್ಣಾರೆ. ಅಮೆರಿಕದ ಜನರಲ್ ಮೋಟಾರ್ಸ್ ಕೇಸ್ ನೋಡಿ. 2014ರಲ್ಲಿ ಸುಮಾರು 26 ಲಕ್ಷ ಕಾರು ವಾಪಸ್ ಕರೆಸಿದರು. ಕೆಟ್ಟಿದ್ದು ಕಂಪ್ಯೂಟರ್ ಅಲ್ಲ, ಕೀ ಹಾಕೋ ಇಗ್ನಿಷನ್ ಸ್ವಿಚ್. ಅದರ ಹಿಡಿತ ಸಡಿಲ ಇತ್ತು. ಭಾರದ ಕೀಗೊಂಚಲು ಇದ್ದರೆ, ಮೊಣಕಾಲು ತಾಗಿದರೆ ಓಡುವಾಗಲೇ ಜಾರಿ ಆಫ್ ಕಡೆಗೆ ಹೋಗೋದು. ಇಂಜಿನ್ ನಿಲ್ಲೋದು, ಡಿಕ್ಕಿ ಆದರೆ ಏರ್‌ಬ್ಯಾಗ್ ಕೂಡ ತೆರೀತಿರಲಿಲ್ಲ. ಪರಿಹಾರ ನಿಧಿಯೇ ಒಪ್ಪಿಕೊಂಡ ಸಾವು 124. ಕಂಪನಿಯೊಳಗೆ ಇದು ಸುಮಾರು ಹತ್ತು ವರ್ಷ ಮೊದಲೇ ಗೊತ್ತಿತ್ತು, ಹೇಳಲಿಲ್ಲ. ಜನ ಸತ್ತಿದ್ದು ಕಂಪನಿ ಬಾಯಿ ಮುಚ್ಚಿಕೊಂಡಿದ್ದರಿಂದ.

ಇವಿಯಲ್ಲೂ, ಅಂದರೆ ಎಲೆಕ್ಟ್ರಿಕ್ ಕಾರಿನಲ್ಲೂ, ಇದೇ 12 ವೋಲ್ಟಿನ ಕಥೆ ಇದೆ. ಕೆಳಗೆ ಎಷ್ಟು ದೊಡ್ಡ ಬ್ಯಾಟರಿ ಇದ್ದರೂ ಅದನ್ನು ಜೋಡಿಸೋ ರಿಲೇ, ಕಂಪ್ಯೂಟರ್ ಎಲ್ಲಾ ನಡೆಯೋದು ಸಣ್ಣ 12 ವೋಲ್ಟ್ ಬ್ಯಾಟರಿಯಿಂದ. ಅದನ್ನು ಚಾರ್ಜ್ ಮಾಡೋ ಐಸಿಸಿಯು ಅನ್ನೋ ಘಟಕದಲ್ಲಿ ದೋಷ ಬಂದು 2024ರಲ್ಲಿ ಭಾರತದಲ್ಲೇ ಹ್ಯುಂಡೈ 1,744 ಅಯಾನಿಕ್ 5 ಕಾರುಗಳನ್ನೂ, ಕಿಯಾ 1,138 ಇವಿ6 ಕಾರುಗಳನ್ನೂ ವಾಪಸ್ ಕರೆಸಿದವು. ಹೇಳಿ ಕರೆಸಿದ್ದರಿಂದ ಜನ ಹೋಗಿ ಸರಿ ಮಾಡಿಸಿಕೊಂಡರು. ನವನಗರದವರಿಗೆ ಸಿಕ್ಕ "ಏನೂ ಸಿಕ್ಕಿಲ್ಲ" ಅನ್ನೋ ಉತ್ತರದಿಂದ ಯಾವ ರಿಕಾಲೂ ಹುಟ್ಟಲ್ಲ.

ಹಳೆ ಸರ್ವಿಸ್ ಅಡ್ವೈಸರ್:
ನಾನು ಬೇರೆ ಊರಿನಲ್ಲಿ ಬೇರೆ ಕಂಪನಿಯ ಸರ್ವಿಸ್‌ನಲ್ಲಿ ಕೆಲಸ ಮಾಡಿದವನು. ಆ ಕಡೆಯದನ್ನೂ ಕೇಳಿ. ವಾರಂಟಿಯಲ್ಲಿ ಪಾರ್ಟ್ ಬದಲಿಸಿದರೆ ಕಂಪನಿ ಹಣ ಕೊಡಬೇಕು. ಕಾರಿನ ಕಂಪ್ಯೂಟರ್‌ನಲ್ಲಿ ದಾಖಲಾಗೋ ದೋಷದ ಕೋಡ್ ಇಲ್ಲದೆ, ನಮ್ಮ ಕಣ್ಣೆದುರು ತೊಂದರೆ ಬರದೆ ಅವರು ಒಪ್ಪಲ್ಲ. ಬಂದು ಹೋಗೋ ದೋಷ ಹಿಡಿಯೋಕೆ ದಿನಗಟ್ಟಲೆ ಬೇಕು, ಮೆಕ್ಯಾನಿಕ್‌ಗೆ ದಿನಕ್ಕೆ ಇಷ್ಟು ಗಾಡಿ ಅಂತ ಟಾರ್ಗೆಟ್ ಇರುತ್ತದೆ. ಹುಡುಗರು ಬೇಕಂತ ಸುಳ್ಳು ಹೇಳ್ತಾರೆ ಅಂತ ಅಂದುಕೊಳ್ಳಬೇಡಿ.

ಕೇಶ್ವಾಪುರದ ಅಕ್ಕ:
ಅವರ ಕಷ್ಟ ಅರ್ಥ ಆಗುತ್ತದೆ ಅಣ್ಣಾ. ಆದರೆ ಓಡುವಾಗ ಕತ್ತಲೆಯಾದ ಕಾರನ್ನು "ತಗೊಂಡು ಹೋಗಿ" ಅಂತ ಕೊಡೋದು ಹೇಗೆ? ಮುಂದಿನ ಸಲ ಲಾರಿ ಹತ್ತಿರ ಇದ್ದರೆ?

ಹಳೆ ಸರ್ವಿಸ್ ಅಡ್ವೈಸರ್:
ತಪ್ಪೇ ಅಕ್ಕಾರೆ. ಅದಕ್ಕೇ ಒಳಗಿನ ಮಾತು ಹೇಳ್ತೇನೆ. ನವನಗರದವರೇ, ಗಾಡಿ ಬಿಟ್ಟಾಗ ಬರೆದುಕೊಟ್ಟ ನಿಮ್ಮ ಜಾಬ್ ಕಾರ್ಡ್ ತೆಗೆದು ನೋಡಿ. ಗ್ರಾಹಕರ ದೂರು ಅನ್ನೋ ಕಡೆ ಏನು ಬರೆದಿದ್ದಾರೆ?

ನವನಗರದವ:
ಈಗ ನೋಡಿದೆ. "ಜನರಲ್ ಚೆಕಪ್, ವಾಷಿಂಗ್" ಅಂತ ಇದೆ. ಓಡುವಾಗ ಆಫ್ ಆದದ್ದರ ಬಗ್ಗೆ ಒಂದು ಅಕ್ಷರ ಇಲ್ಲ! ನಾನು ಕೌಂಟರ್‌ನಲ್ಲಿ ಎಲ್ಲಾ ಬಿಡಿಸಿ ಹೇಳಿದ್ದೆ.

ಹಳೆ ಸರ್ವಿಸ್ ಅಡ್ವೈಸರ್:
ಹಾಗಿದ್ದರೆ ಕಂಪನಿಯ ದಾಖಲೆಯಲ್ಲಿ ನಿಮ್ಮ ಕಾರಿಗೆ ಏನೂ ಆಗಿಲ್ಲ. ನಾಳೆ ವಾರಂಟಿ ಮುಗಿದ ಮೇಲೆ ಮತ್ತೆ ನಿಂತರೆ ಅದು ಹೊಸ ತೊಂದರೆ, ಖರ್ಚು ನಿಮ್ಮದು. ಮತ್ತೆ ಗಾಡಿ ಬಿಡಿ. "ಚಾಲನೆಯಲ್ಲಿದ್ದಾಗ ಪೂರ್ತಿ ವಿದ್ಯುತ್ ಕಡಿತ, ಇಂಜಿನ್ ಬಂದ್" ಅಂತ ನಿಮ್ಮ ಮಾತಲ್ಲೇ ಬರೆಸಿ, ದಿನಾಂಕ, ಕಿಲೋಮೀಟರ್, ಎಸಿ, ವೈಪರ್, ಮಳೆ ಎಲ್ಲಾ ಸೇರಿಸಿ. ಅದು ಬರೆಯೋವರೆಗೂ ಸಹಿ ಹಾಕಬೇಡಿ. ಇನ್ನೊಂದು, ಬ್ಯಾಟರಿ ಕಳಚೋಕೆ, ಕೋಡ್ ಅಳಿಸೋಕೆ ಮುಂಚೆ ಸ್ಕ್ಯಾನ್ ರಿಪೋರ್ಟ್ ಪ್ರಿಂಟ್ ಕೇಳಿ. ದೋಷ ಬಂದ ಕ್ಷಣದ ವೇಗ, ಇಂಜಿನ್ ಸ್ಥಿತಿ ಕೆಲವು ಕೋಡ್‌ಗಳ ಜೊತೆ ಉಳಿದಿರುತ್ತದೆ. ಅಳಿಸಿದರೆ ಅದೂ ಹೋಗುತ್ತದೆ. ಎಷ್ಟೋ ಕಡೆ ಮೊದಲು ಅಳಿಸಿ, ಆಮೇಲೆ "ಏನೂ ಇಲ್ಲ" ಅಂತಾರೆ.

ಹಾವೇರಿ ವಕೀಲ:
ಅಡ್ವೈಸರ್ ಹೇಳಿದ ಆ ಒಂದು ಸಾಲೇ ನಾಳೆ ನಿಮ್ಮ ಸಾಕ್ಷಿ. ಜೊತೆಗೆ ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್ ಹಾಕಿ, ಫೋನ್ ಮಾತು ನಂಬಬೇಡಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. 2019ರ ಗ್ರಾಹಕ ಕಾಯ್ದೆ ಪ್ರಕಾರ ನೀವು ವಾಸ ಇರೋ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಕಂಪನಿ ಚೆನ್ನೈಯಲ್ಲಿರಲಿ, ದಿಲ್ಲಿಯಲ್ಲಿರಲಿ. ಕೊಟ್ಟ ಬೆಲೆ 50 ಲಕ್ಷದ ಒಳಗಿದ್ದರೆ ಜಿಲ್ಲಾ ಆಯೋಗವೇ ಸಾಕು. ಎರಡು ವರ್ಷದೊಳಗೆ ಹಾಕಬೇಕು, ನೆನಪಿರಲಿ.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 110ಎ ಕಲಂ ಸೇರಿಸಿದರು. ಸುರಕ್ಷತೆಗೆ ಧಕ್ಕೆ ತರೋ ದೋಷ ಇದ್ದರೆ ಸರ್ಕಾರವೇ ರಿಕಾಲ್ ಮಾಡಿಸಬಹುದು. 2021ರ ಏಪ್ರಿಲ್ 1ರಿಂದ ಇದರ ನಿಯಮ ಜಾರಿಯಲ್ಲಿದೆ, ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ಮಾಲೀಕರೇ ದೂರು ದಾಖಲಿಸಬಹುದು. ಒಂದೇ ಮಾದರಿಯ ಮೇಲೆ ಸಾಕಷ್ಟು ದೂರು ಬಂದರೆ ತನಿಖೆ ಆಗುತ್ತದೆ. ನಮ್ಮ ಜನ ಗ್ಯಾರೇಜ್‌ನಲ್ಲಿ ಜಗಳ ಆಡಿ ಮನೆಗೆ ಬರ್ತಾರೆ, ಅಲ್ಲಿ ಮಾತ್ರ ದೂರು ಹಾಕಲ್ಲ.

ಉಣಕಲ್ಲಿನವ:
ಹೊರಗಿನ ಲೈಟು, ಆಂಪ್ಲಿಫೈಯರ್, ಡ್ಯಾಶ್‌ಕ್ಯಾಮ್ ಹಾಕಿಸಿದ್ದರೆ ವಾರಂಟಿ ಹೋಯ್ತು ಅಂತಾರಲ್ಲ?

ಗೋಕುಲ ರೋಡ್ ವೈರಿಂಗ್:
ವೈರು ಕತ್ತರಿಸಿ ಜೋಡಿಸಿದ್ದರೆ ತಕರಾರು ಬಂದೇ ಬರುತ್ತದೆ. ನಾನೂ ಅಂಥ ಕೆಲಸ ಮಾಡಿಕೊಡಲ್ಲ, ಕತ್ತರಿಸದೆ ಸಿಕ್ಕಿಸೋ ಕಪ್ಲರ್ ಇದ್ದರೆ ಮಾತ್ರ ಹಾಕ್ತೇನೆ. ನಮ್ಮ ಕಸುಬಿನವರಲ್ಲೇ ಕೆಲವರು ಎರಡು ವೈರು ತಿರುಚಿ ಬರೀ ಟೇಪ್ ಸುತ್ತಿ ಕಳಿಸ್ತಾರೆ. ಬೇಸಿಗೆಯಲ್ಲಿ ಬಾನೆಟ್ ಒಳಗಿನ ಬಿಸಿಗೆ ಟೇಪ್ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಕಂಪನಿಯನ್ನು ಬೈದು ಪ್ರಯೋಜನ ಇಲ್ಲ.

ನವನಗರದವ:
ನನ್ನ ಕಾರಿಗೆ ಸೀಟ್ ಕವರ್ ಬಿಟ್ಟು ಏನೂ ಹಾಕಿಸಿಲ್ಲ. ಗೋಕುಲ ರೋಡ್ ಸರ್, ನಿಮ್ಮ ಹತ್ತಿರ ತಂದರೆ ಅರ್ಥ್ ನೋಡ್ತೀರಾ?

ಗೋಕುಲ ರೋಡ್ ವೈರಿಂಗ್:
ವಾರಂಟಿ ಇರೋವರೆಗೆ ನಾನು ಬೋಲ್ಟ್ ಮುಟ್ಟಲ್ಲ. ನಾಳೆ "ಹೊರಗೆ ಬಿಚ್ಚಿಸಿದ್ದೀರಿ" ಅಂತಾರೆ. ಬೇಕಾದರೆ ಮೀಟರ್ ಇಟ್ಟು ಅಳೆದು ಕೊಡ್ತೇನೆ, ಅದಕ್ಕೆ ಏನೂ ಬಿಚ್ಚಬೇಕಾಗಿಲ್ಲ.

ನವನಗರದವ:
ಇವತ್ತು ಮತ್ತೆ ಹೋಗಿದ್ದೆ. ಅರ್ಧ ಗಂಟೆ ವಾದ ಆಯ್ತು. ಕೊನೆಗೆ ಮ್ಯಾನೇಜರ್ ಬಂದು ಹೊಸ ಜಾಬ್ ಕಾರ್ಡ್ ತೆಗೆದರು. ನನ್ನ ಮಾತುಗಳನ್ನು ಹಾಗೇ ಬರೆದಿದ್ದಾರೆ. ಹಳೆ ಸ್ಕ್ಯಾನ್ ರಿಪೋರ್ಟ್ ಕೇಳಿದರೆ ಸೇವ್ ಮಾಡಿಲ್ಲ ಅಂದರು, ಅದನ್ನೂ ಬರೆಸಿದೆ. ಕಂಪನಿಯ ಇಂಜಿನಿಯರ್ ಬರೋವರೆಗೆ ಗಾಡಿ ಅಲ್ಲೇ ಇರಲಿ, ಅದುವರೆಗೆ ಓಡಿಸೋಕೆ ಬೇರೆ ಕಾರು ಕೊಡಿ ಅಂತ ಇಮೇಲ್ ಹಾಕಿದ್ದೇನೆ. ಅರ್ಥ್ ಅಳೆಯೋ ವಿಷಯ ಹೇಳಿದಾಗ ಮೆಕ್ಯಾನಿಕ್ ಹುಡುಗ ತಾನೇ ಆಸಕ್ತಿಯಿಂದ ಬರೆದುಕೊಂಡ.

ಗದಗ ರೋಡ್ ಡ್ರೈವರ್:
ಛಲೋ ಆತು ಅಣ್ಣಾರೆ. ನಮ್ಮ ಸ್ಟ್ಯಾಂಡ್‌ನಲ್ಲೂ ಇದೇ ಮಾದರಿಯ ಎರಡು ಗಾಡಿ ಇವೆ. ಅವರಿಗೂ ಜಾಬ್ ಕಾರ್ಡ್ ತೆಗೆದು ನೋಡೋಕೆ ಹೇಳ್ತೇನೆ. ಹಳೆ ಡೀಸೆಲ್ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಬದಲಾಗಲ್ಲ.

ಗೋಕುಲ ರೋಡ್ ವೈರಿಂಗ್:
ಆ ಹುಡುಗ ಅಳೆಯುವಾಗ ನೀವು ಪಕ್ಕದಲ್ಲೇ ನಿಲ್ಲಿ. ಎಸಿ, ವೈಪರ್, ಹೆಡ್‌ಲೈಟ್ ಎಲ್ಲಾ ಚಾಲೂ ಇರಬೇಕು. ಮೀಟರ್‌ನ ಫೋಟೋ ತೆಗೆದು ಇಲ್ಲೇ ಹಾಕಿ, ಎಷ್ಟು ಬಂತು ನೋಡೋಣ.